ಪಟ ತೆಗೆದವರ ಹೆಸರು

ಗ್ವಾರಾನಿ ಭಾಷೆಯ ಜಾಲ ವಿಶ್ವಕೋಶಕ್ಕೆ ಯಾರೇ ಒಂದು ಪಟ ಏರಿಸಲಿ, ಅದರ ವಾಸನೆ ಮೊದಲು ಬಡಿಯುತ್ತಿದ್ದದ್ದು ಪರಗ್ವಾಯಿ ದೇಶದ ಇತಾಗ್ವಾ ಊರಿನ ನಿಮಿಯಾ ಟೀಚರ ಮೂಗಿಗೆ. ಎಲ್ಲಿಂದ ಎತ್ತಿದ್ದು ಇದು? ತೆಗೆದವರು ಯಾರು? ಅವರನ್ನು ಕೇಳಿ ಹಾಕಿದರೋ, ಕೇಳದೆ ಹಾಕಿದರೋ? ಇದಕ್ಕೆ ಉತ್ತರ ಇಲ್ಲದ ಪಟ ಅಲ್ಲಿ ಉಳಿದದ್ದೇ ಇಲ್ಲ. ಪಾದ್ರಿಗಳು ಯಾವುದೋ ಪತ್ರಿಕೆಯಿಂದ ಎತ್ತಿ ಹಾಕಿದ ಚರ್ಚಿನ ಪಟ ಹೋಯಿತು. ಸ್ವಂತ ಚಿಕ್ಕಪ್ಪನ ಮಗ ಚಿಪಾ ರೊಟ್ಟಿಯ ಲೇಖನಕ್ಕೆ ಅಂಟಿಸಿದ ತನ್ನ ಮದುವೆಯ ಪಟವೂ ಹೋಯಿತು. ಮೂಲೆಯಲ್ಲಿ ಒಂದು ತಟ್ಟೆ ಚಿಪಾ ಕಾಣುತ್ತದಲ್ಲ, ಅದಕ್ಕೇ ಹಾಕಿದೆ ಅಂತ ಆ ಪುಣ್ಯಾತ್ಮ ವಾದ ಬೇರೆ ಮಾಡಿದ್ದ.

ಹಾಗಂತ ನಿಮಿಯಾ ಒರಟಿ ಅಲ್ಲ. ವಿಶ್ವಕೋಶದಲ್ಲಿ ಮರ್ಯಾದೆಯೇ ಮೊದಲ ನಿಯಮ. ಎದುರಿಗಿರುವವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ ಅಂತ ಮೊದಲು ಭಾವಿಸಬೇಕು, ಆಮೇಲೆ ಮಾತು. ಅವಳ ಪ್ರತಿ ಸಂದೇಶವೂ "ಪ್ರಿಯ ಗೆಳೆಯರೇ, ನಿಮ್ಮ ಶ್ರಮಕ್ಕೆ ವಂದನೆ. ಆದರೆ" ಎಂದೇ ಶುರುವಾಗುತ್ತಿತ್ತು. ಆ 'ಆದರೆ' ಬಂತು ಅಂದರೆ ಹಿಂದೆಯೇ ಕತ್ತರಿ ಬಂತು ಅಂತ ಪರಗ್ವಾಯಿಯ ಆ ಮೂಲೆಯಿಂದ ಈ ಮೂಲೆವರೆಗೆ ಎಲ್ಲರಿಗೂ ಗೊತ್ತು. ಎಲ್ಲರೂ ಅಂದರೆ ಎಷ್ಟು ಜನ ಮಹಾ! ಆ ಭಾಷೆಯಲ್ಲಿ ಮಾತಾಡುವವರು ಲಕ್ಷಗಟ್ಟಲೆ ಇದ್ದರೂ ಕೂತು ಬರೆಯುವವರು ಒಂದು ಎತ್ತಿನ ಗಾಡಿಯಲ್ಲಿ ಹಿಡಿಸುವಷ್ಟು. ಅವರೆಲ್ಲ ಸೇರಿ ಅವಳಿಗೆ ಕತ್ತರಿ ಟೀಚರ್ ಅಂತ ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೆ ಇಷ್ಟವೂ ಆಗಿತ್ತು.

ಈ ಗುಣ ಬಂದದ್ದು ತಾಯಿಯಿಂದ. ತಾಯಿ ಬ್ಲಾಸಿದಾ ನ್ಯಾಂಡುತಿ ಹೆಣೆಯುವವಳು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಅದರ ಮೇಲೆ ಬಣ್ಣಬಣ್ಣದ ನೂಲಿನಿಂದ ಜೇಡರ ಬಲೆಯ ಹಾಗೆ ಜಾಲರಿ ನೇಯುವ ಕೆಲಸ ಅದು. ಆ ಊರಿನಲ್ಲಿ ಮನೆಮನೆಗೂ ಒಬ್ಬಳು ಹೆಣೆಯುತ್ತಾಳೆ, ಆದರೆ ಬ್ಲಾಸಿದಾ ನೂಲಲ್ಲಿ ಹೆಣೆದ ಸೀಬೆ ಹೂವಿನ ಮುಂದೆ ಉಳಿದವರದು ಬರೀ ಗಂಟು. ಮಗಳಿಗೂ ಕಲಿಸಲು ನೋಡಿದಳು. ನಿಮಿಯಾ ಒಂದು ಹೂ ಮುಗಿಸಿ ತಂದು ತೋರಿಸಿದರೆ ತಾಯಿ ಅದನ್ನು ಬೆಳಕಿಗೆ ಹಿಡಿದು, ಕತ್ತರಿ ಕೈಗೆ ಕೊಟ್ಟು, "ಬಿಚ್ಚು, ಮತ್ತೆ ಹಾಕು" ಅನ್ನುತ್ತಿದ್ದಳು. ಬೈಗುಳ ಇಲ್ಲ, ಏಟು ಇಲ್ಲ, ಇಷ್ಟೇ ಮಾತು. ಬಿಚ್ಚಿ ಬಿಚ್ಚಿ ಸಾಕಾಗಿ ನಿಮಿಯಾ ಟೀಚರ್ ಆದಳು.

ತಾಯಿ ನಕ್ಕದ್ದನ್ನು ಕಂಡವರು ಕಡಿಮೆ. ಮುಂದಿನ ಹಲ್ಲೊಂದು ಇರಲಿಲ್ಲ, ನಗು ಬಂದರೆ ಕೈ ಬಾಯಿಗೆ ಹೋಗುತ್ತಿತ್ತು. ಅವಳು ಬಾಯ್ತುಂಬ ನಕ್ಕ ಪಟ ಇಡೀ ಲೋಕದಲ್ಲಿ ಒಂದೇ ಒಂದು. ಹಿತ್ತಲಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಚೌಕಟ್ಟು, ಎತ್ತಿದ ಕೈಯಲ್ಲಿ ಸೂಜಿ. ಕೈ ಖಾಲಿ ಇಲ್ಲದ್ದರಿಂದ ಬಾಯಿ ಮುಚ್ಚಿಲ್ಲ. ಆ ಹಲ್ಲಿನ ಸಂದಿಯ ಸಮೇತ ನಗುತ್ತಿದ್ದಾಳೆ, ಕಣ್ಣುಗಳು ಕೂಡ ನಗುತ್ತಿವೆ. ಆ ಪಟ ನಿಮಿಯಾಳ ನಡುಮನೆಯ ಗೋಡೆಯ ಮೇಲಿತ್ತು, ವಿಶ್ವಕೋಶದಲ್ಲಿ ನ್ಯಾಂಡುತಿ ಲೇಖನದ ತುದಿಯಲ್ಲೂ ಇತ್ತು. ಅವಳು ವಿಶ್ವಕೋಶಕ್ಕೆ ಏರಿಸಿದ ಮೊಟ್ಟಮೊದಲ ಪಟ ಅದು, ಏನೂ ತಿಳಿಯದ ಕಾಲದಲ್ಲಿ ಏರಿಸಿದ್ದು. 'ಇದು ಯಾರ ಕೃತಿ?' ಅಂತ ಯಂತ್ರ ಕೇಳಿತ್ತು. ಅಮ್ಮ ನನ್ನವಳು, ಗೋಡೆ ನನ್ನದು, ಗೋಡೆಗೆ ಹೊಡೆದ ಮೊಳೆಯೂ ನನ್ನದು, ಇನ್ನು ಪಟ ಯಾರದಾಗಬೇಕು ಅಂದುಕೊಂಡು 'ಸ್ವಂತ ಕೃತಿ' ಅಂತ ಒತ್ತಿಬಿಟ್ಟಿದ್ದಳು. ಹೊಸಬರೆಲ್ಲ ಮಾಡುವ ತಪ್ಪು. ಆಮೇಲೆ ಇದೇ ತಪ್ಪಿಗೆ ಎಷ್ಟೋ ಜನರ ಪಟ ಕತ್ತರಿಸಿದಳು, ಆದರೆ ತನ್ನದರ ಕಡೆ ತಿರುಗಿ ನೋಡಲಿಲ್ಲ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ ಹೇಳಿ!

ಒಂದು ಶನಿವಾರ ಗೆಳತಿ ದಿಗ್ನಾ ಬಂದಳು. ಚೌಕದ ಪಕ್ಕದಲ್ಲಿ ನೂಲಿನ ಅಂಗಡಿ ಇಟ್ಟವಳು, ವಿಶ್ವಕೋಶಕ್ಕೆ ಬಣ್ಣಗಳ ಬಗ್ಗೆ, ಎಳೆಗಳ ಬಗ್ಗೆ ಬರೆಯುವವಳು, ಬಾಯಿಗೆ ಬೀಗ ಇಲ್ಲದವಳು. ಇಬ್ಬರೂ ಪಡಸಾಲೆಯಲ್ಲಿ ಕೂತು ಸೊಪ್ಪು ನೆನೆಸಿದ ತಣ್ಣನೆಯ ತೆರೆರೆ ಪಾನಕ ಹೀರುತ್ತಾ, ಒಂದೇ ಕೊಳವೆ ಒಂದೇ ಲೋಟ ಆ ಕೈಗೆ ಈ ಕೈಗೆ ದಾಟಿಸುತ್ತಾ ಮಾತಾಡುತ್ತಿದ್ದರು. ನ್ಯಾಂಡುತಿ ಲೇಖನ ಮುಂದಿನ ತಿಂಗಳು ಮುಖಪುಟಕ್ಕೆ ಹೋಗುವುದಿತ್ತು.

"ಎಲ್ಲಾ ಸರಿ ಇದೆ, ಆದ್ರೆ ಆ ಪಟ ನೋಡೋಕಾಗಲ್ಲ ಕಣೇ" ಅಂದಳು ದಿಗ್ನಾ. "ಗಾಜಿನ ಮೇಲಿಂದ ಮೊಬೈಲಲ್ಲಿ ಹಿಡಿದಿದ್ದೀಯ. ನಿಮ್ಮಮ್ಮನ ಮೊಣಕಾಲ ಮೇಲೆ ಕಿಟಕಿ ಕೂತಿದೆ. ಚೌಕಟ್ಟು ಬಿಚ್ಚಿ ಚೆನ್ನಾಗಿ ಒಂದು ಪ್ರತಿ ತೆಗೆಯೋಣ."

ಬಿಚ್ಚಿದರು. ಒಳಗೆ ಅಂಚಿಗೆ ಕೂರಿಸಿದ್ದ ಕಾಗದದ ಪಟ್ಟಿ ಬಿತ್ತು. ಅದು ಮುಚ್ಚಿದ್ದ ಎಡಗಡೆ, ಬೆಳಕು ತಿಂದ ಹಾಗೆ ಒಂದು ಬಿಳಿ ಪಟ್ಟೆ, ಪಕ್ಕದಲ್ಲಿ ಏನೋ ಕಂದು ಕಲೆ. ಹಳೇ ಪಟ, ಹಾಳಾಗಿದೆ ಅಂದುಕೊಂಡಳು ನಿಮಿಯಾ. ದಿಗ್ನಾ ಪಟ ತಿರುವಿದಳು. ಹಿಂದೆ ನೇರಳೆ ಶಾಯಿಯ ಮುದ್ರೆ: ಫೋಟೊ ಬರೈರೊ, ಇತಾಗ್ವಾ.

ಅದು ವಿಲ್ಫ್ರಿದೊ ಬರೈರೊನ ಸ್ಟುಡಿಯೋದ ಮುದ್ರೆ.

"ನಾನೇನೂ ನೋಡಿಲ್ಲಪ್ಪ" ಅಂದಳು ದಿಗ್ನಾ, ಪಟವನ್ನು ಮತ್ತೆ ಮಗುಚಿ ಇಡುತ್ತಾ. "ನೀನೂ ನೋಡಿಲ್ಲ."

"ನೋಡಿದ್ದೀನಿ."

"ವಿಲ್ಫ್ರಿದೊ ಏನು ಕೋರ್ಟಿಗೆ ಹೋಗ್ತಾನಾ? ಅವನಿಗೆ ವಿಶ್ವಕೋಶ ಅಂದ್ರೆ ತಲೆದಿಂಬೋ ಹೊದಿಕೆಯೋ ಗೊತ್ತಿಲ್ಲ. ಸುಮ್ನಿರು."

"ಪಾದ್ರಿಗಳ ಪಟ ತೆಗೆದೆ. ಚಿಕ್ಕಪ್ಪನ ಮಗಂದು ತೆಗೆದೆ. ನಮ್ಮಮ್ಮಂದು ಅಂತ ಬಿಟ್ರೆ ನನ್ನ ಮುಖಕ್ಕೆ ಉಗೀತಾರೆ. ಉಗೀದೆ ಇದ್ರೆ ನಾನೇ ಉಗ್ಕೋಬೇಕು."

ಬೇಡ ಬೇಡ ಅಂತ ದಿಗ್ನಾ ಕೈ ಹಿಡಿದರೂ ಕೇಳದೆ ನಿಮಿಯಾ ಯಂತ್ರದ ಮುಂದೆ ಕೂತು, ತನ್ನ ತಾಯಿಯ ಪಟದ ಮೇಲೆ ತಾನೇ ಕೆಂಪು ಪಟ್ಟಿ ಅಂಟಿಸಿದಳು: ಪಟ ತೆಗೆದವರ ಒಪ್ಪಿಗೆ ಇಲ್ಲ, ಒಂದು ವಾರದಲ್ಲಿ ಸಿಗದಿದ್ದರೆ ಅಳಿಸಲಾಗುವುದು. ಕೆಳಗೆ ತನ್ನ ಪುಟಕ್ಕೆ ತಾನೇ ಸಂದೇಶವನ್ನೂ ಬರೆದಳು, ಅದೂ ನಿಯಮ. "ಪ್ರಿಯ ಗೆಳತಿ ನಿಮಿಯಾ, ನಿಮ್ಮ ಶ್ರಮಕ್ಕೆ ವಂದನೆ. ಆದರೆ."

ಸುದ್ದಿ ಹಬ್ಬಲು ಎಷ್ಟು ಹೊತ್ತು! ಲೋಕಕ್ಕೆಲ್ಲಾ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು ಅಂತ ಕೆಲವರು ನಕ್ಕರು. ಚಿಕ್ಕಪ್ಪನ ಮಗ ಅಂತೂ "ಅಕ್ಕಾ, ಮೂಲೆಯಲ್ಲಿ ಒಂದು ತಟ್ಟೆ ಚಿಪಾ ಇಟ್ಟಿದ್ರೆ ಉಳೀತಿತ್ತೇನೋ" ಅಂತ ಬರೆದ. ಮಿಕ್ಕವರು ಪಾಪ, ಒಪ್ಪಿಗೆ ಬರಲಿ ಅಂತ ಹರಸಿದರು.

ಈ ವಿಲ್ಫ್ರಿದೊ ಬರೈರೊ ಯಾರು ಅಂದರೆ ನಿಮಿಯಾಳ ಗಂಡ. ಗಂಡ ಅಂತ ಅನ್ನಬಹುದೋ ಇಲ್ಲವೋ, ಊರಿಗೇ ಗೊತ್ತಿಲ್ಲ. ಊರಿನ ಮದುವೆ, ನಾಮಕರಣ, ಗುರುತಿನ ಚೀಟಿ, ಎಲ್ಲದರ ಪಟ ತೆಗೆದವನು ಅವನೇ. ಬ್ಲಾಸಿದಾ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಂದು ದಿನ ಅವನು ತನ್ನ ಜೋಲಿ ಮಂಚ, ತನ್ನ ಕ್ಯಾಮೆರಾ ತೆಗೆದುಕೊಂಡು ನಾಲ್ಕು ಬೀದಿ ಆಚೆಯ ಸ್ಟುಡಿಯೋದ ಹಿಂದಿನ ಕೋಣೆಗೆ ಹೋದ. ಹೋಗು ಅಂತ ಇವಳು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ವರ್ಷಗಳು ಉರುಳಿದವು. ಬೆಣ್ಣೆಹಣ್ಣಿನ ಕಾಲದಲ್ಲಿ ಅವನು ದಿಗ್ನಾಳ ಕೈಯಲ್ಲಿ ಹಣ್ಣು ಕಳಿಸುತ್ತಾನೆ, ಇವಳು ಖಾಲಿ ಬುಟ್ಟಿಯಲ್ಲಿ ಚಿಪಾ ಇಟ್ಟು ವಾಪಸು ಕಳಿಸುತ್ತಾಳೆ. ಜಗಳ ಯಾಕೆ ಅಂತ ಕೇಳಿದರೆ ಇಬ್ಬರೂ "ಅವರನ್ನೇ ಕೇಳಿ" ಅನ್ನುತ್ತಾರೆ.

ಕಾರಣ ನಿಮಿಯಾಳ ಎದೆಯಲ್ಲಿತ್ತು. ಆ ಪಟ. ತಾಯಿ ಜೀವಮಾನವೆಲ್ಲ ತನಗೆ ಕೊಡದ ನಗುವನ್ನು ಕ್ಯಾಮೆರಾ ಹಿಡಿದ ಅಳಿಯನಿಗೆ ಕೊಟ್ಟುಬಿಟ್ಟಳು. ನನಗೆ 'ಬಿಚ್ಚು', ಅವನಿಗೆ ಬಾಯ್ತುಂಬ ನಗು. ದಿನಾ ಗೋಡೆಯ ಮೇಲೆ ಅದನ್ನು ನೋಡುತ್ತಾ, ಅದೇ ಮನೆಯಲ್ಲಿ ಆ ಅಳಿಯನ ಜೊತೆ ಊಟಕ್ಕೆ ಕೂರುವುದು ಸುಲಭವೇ? ಇದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆ. ಸತ್ತ ತಾಯಿಯ ನಗುವಿಗೆ ಹೊಟ್ಟೆಕಿಚ್ಚು ಪಟ್ಟವಳು ಅನ್ನುತ್ತಾರೆ. ಆದ್ದರಿಂದ ಅವಳು ಅವನು ಮಾಡಿದ ಅಡುಗೆಯಲ್ಲಿ ಉಪ್ಪು ಜಾಸ್ತಿ, ಚಪ್ಪಲಿ ಅಡ್ಡ, ಬಾಗಿಲು ಹಾಕಿಲ್ಲ ಅಂತ ಜಗಳ ಆಡಿದಳು.

ಮತ್ತೆ ಅದೇ ಪಟವನ್ನು ಲೋಕಕ್ಕೆಲ್ಲ ಯಾಕೆ ತೋರಿಸಿದಳು ಅಂತೀರಾ? ಎಷ್ಟಾದರೂ ತಾಯಿ. ನ್ಯಾಂಡುತಿಯನ್ನು ಜನ ಕೊಂಡು ಹೋಗುತ್ತಾರೆ, ಹೆಣೆದವಳ ಹೆಸರು ಕೇಳುವವರಿಲ್ಲ. ನಿಮಿಯಾಗೆ ಮಕ್ಕಳಿಲ್ಲ, ತಾನು ಹೋದ ಮೇಲೆ ಗೋಡೆ ಯಾರದೋ, ಮೊಳೆ ಯಾರದೋ. ವಿಶ್ವಕೋಶದಲ್ಲಿದ್ದರೆ ಅಮ್ಮನ ಮುಖ, ಅಮ್ಮನ ಹೆಸರು ಉಳಿಯುತ್ತದೆ ಅನ್ನುವುದೊಂದೇ ಆಸೆ. ಈಗ ಅದು ಉಳಿಯಬೇಕಾದರೆ ವಿಲ್ಫ್ರಿದೊ ಒಪ್ಪಬೇಕು.

ಎರಡು ದಿನ ಕಳೆದರೂ ಅವಳು ಹೋಗದ್ದು ನೋಡಿ ದಿಗ್ನಾ ಅಂಗಡಿ ಬಿಟ್ಟು ಬಂದು ಬಾಗಿಲಲ್ಲೇ ನಿಂತಳು.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕಾಯ್ತಿದ್ದೀಯಾ? ನಾನಂತೂ ಹೋಗಿ ಕೇಳಲ್ಲ. ಬೆಣ್ಣೆಹಣ್ಣು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ."

"ಅವನು ಬೇಕಂತಲೇ ಇಲ್ಲ ಅಂತಾನೆ."

"ಅಹಾ! ಮುಖ ನೋಡದ ಜನರ ಬಗ್ಗೆ ಒಳ್ಳೇದೇ ಭಾವಿಸಬೇಕು ಅಂತ ನಮಗೆಲ್ಲ ಪಾಠ ಹೇಳ್ತೀಯ. ಮುಖ ನೋಡಿ ನೋಡಿ ಸವೆದ ಗಂಡನ ಬಗ್ಗೆ ಒಂದ್ಸಲ ಭಾವಿಸಿ ನೋಡು. ಹೋಗೇ, ಎದ್ದೇಳು."

ನಿಮಿಯಾ ತಲೆ ಬಾಚಿದಳು. ಅದು ಬಿಸಿಲಿಗಾಗಿ ಅಂತ ತನಗೆ ತಾನೇ ಹೇಳಿಕೊಂಡಳು. ಪಟವನ್ನು ಬಟ್ಟೆಯಲ್ಲಿ ಸುತ್ತಿ ಹೊರಟಳು.

ವಿಲ್ಫ್ರಿದೊ ಸ್ಟುಡಿಯೋದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಇವಳನ್ನು ಕಂಡದ್ದೇ ಧಡಕ್ಕನೆ ಎದ್ದ.

"ಯಾರು ಸತ್ರು?"

"ಯಾರೂ ಸತ್ತಿಲ್ಲ. ನಿನ್ನ ಒಪ್ಪಿಗೆ ಬೇಕಾಗಿತ್ತು."

"ವಿಚ್ಛೇದನಕ್ಕಾ? ಈ ವಯಸ್ಸಲ್ಲಾ?"

"ಪಟಕ್ಕೆ ಮಾರಾಯ. ಒಳಗೆ ಕರೀತೀಯೋ, ಬೀದೀಲೇ ಮಾತಾಡೋಣವೋ?"

ಒಳಗೆ ಕರೆದ. ಕುರ್ಚಿಯ ಮೇಲಿದ್ದ ಅಂಗಿಯನ್ನು ತೆಗೆದು, ಎಲ್ಲಿ ಇಡಬೇಕು ತಿಳಿಯದೆ, ಮುಕ್ಕಾಲಿಯ ಮೇಲೆ ನಿಂತ ಕ್ಯಾಮೆರಾಕ್ಕೇ ಹೊದಿಸಿದ. ತೆರೆರೆಯ ಲೋಟಕ್ಕೆ ತಣ್ಣೀರು ಬಿಟ್ಟು ಅವಳ ಕೈಗೆ ಕೊಟ್ಟ. ಅವಳು ಹೀರಿ ವಾಪಸು ಕೊಟ್ಟಳು. ಒಂದೇ ಕೊಳವೆಯಲ್ಲಿ ಇಬ್ಬರೂ ಕುಡಿಯದೆ ಎಷ್ಟು ಕಾಲವಾಗಿತ್ತೋ, ಇಬ್ಬರೂ ಆ ಮಾತು ಎತ್ತಲಿಲ್ಲ.

ನಿಮಿಯಾ ಟೀಚರ ಹಾಗೆಯೇ ಎಲ್ಲ ವಿವರಿಸಿದಳು. ಪಟ ತೆಗೆದವರದೇ ಪಟ, ಅದರಲ್ಲಿ ಇರುವವರದಲ್ಲ, ಗೋಡೆಗೆ ನೇತು ಹಾಕಿದವರದೂ ಅಲ್ಲ. ತೆಗೆದವನು ಒಪ್ಪಿ ಕೊಟ್ಟರೆ ಲೋಕದಲ್ಲಿ ಯಾರು ಬೇಕಾದರೂ ಅದನ್ನು ಬಳಸಬಹುದು, ಅಚ್ಚು ಹಾಕಬಹುದು, ಕತ್ತರಿಸಬಹುದು, ಮಾರಲೂಬಹುದು.

"ಅಂಗಿ ಮೇಲೆ ಹಾಕಿ ಮಾರಿದ್ರೆ?"

"ಮಾರಬಹುದು."

"ಚಡ್ಡಿ ಮೇಲೆ?"

"ಚಡ್ಡಿ ಮೇಲೂ ಹಾಕಬಹುದು. ಆದ್ರೆ ಎಲ್ಲಿ ಹಾಕಿದ್ರೂ ನಿನ್ನ ಹೆಸರು ಹಾಕಲೇಬೇಕು."

"ಅಯ್ಯಯ್ಯೋ, ಚಡ್ಡಿ ಮೇಲೆ ಅತ್ತೆ, ಕೆಳಗೆ ನನ್ನ ಹೆಸರು! ಮೇಲಿಂದ ನೋಡಿದ್ರೆ ಸೂಜಿ ಎಸೀತಾಳೆ" ಅಂದ ವಿಲ್ಫ್ರಿದೊ. ನಿಮಿಯಾಗೆ ನಗು ಬಂತು, ನುಂಗಿಕೊಂಡಳು. ಅವನು ಗಂಭೀರನಾದ. "ನನ್ನ ಹೆಸರು ಹಾಕ್ತಾರಾ? ನಿಜವಾಗ್ಲೂ? ಈ ಊರಲ್ಲಿ ನನ್ನ ಪಟ ಇಲ್ಲದ ಗೋಡೆ ಇಲ್ಲ ಕಣೇ. ಎಲ್ಲರ ಮನೇಲೂ ನನ್ನ ಹೆಸರು ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದೆ. ಎಲ್ಲಿ, ಯಾವ ಪಟ ಅದು ನೋಡೋಣ."

ಬಟ್ಟೆ ಬಿಚ್ಚಿದಳು. ವಿಲ್ಫ್ರಿದೊ ಕನ್ನಡಕ ಹಾಕಿಕೊಂಡು ಪಟವನ್ನು ಕಿಟಕಿಯ ಹತ್ತಿರ ಒಯ್ದ. ತುಂಬ ಹೊತ್ತು ನೋಡಿದ. ಅಂಚಿನ ಬಿಳಿ ಪಟ್ಟೆಯ ಮೇಲೆ ಹೆಬ್ಬೆರಳು ಸವರಿದ. ಆಮೇಲೆ ಪಟ ತಂದು ಅವಳ ಮುಂದಿಟ್ಟ.

"ಇದಕ್ಕೆ ನಾನು ಒಪ್ಪಿಗೆ ಕೊಡೋಕಾಗಲ್ಲ ನಿಮಿಯಾ."

ಅಷ್ಟು ಸಾಕಾಯಿತು. ಇಷ್ಟು ವರ್ಷ ಕಟ್ಟಿಟ್ಟ ಕಟ್ಟೆ ಒಡೆಯಿತು.

"ಗೊತ್ತಿತ್ತು ನನಗೆ! ದಿಗ್ನಾಗೆ ಹೇಳ್ದೆ, ಇವನು ಇಲ್ಲ ಅಂತಾನೆ ಅಂತ. ಇಟ್ಕೋ, ನೀನೇ ಇಟ್ಕೋ! ನಮ್ಮಮ್ಮನ ನಗು ಬದುಕಿದ್ದಾಗಲೂ ನಿಂಗೇ ಸಿಕ್ತು, ಸತ್ತ ಮೇಲೂ ನಿಂಗೇ ಇರ್ಲಿ. ನನಗೆ ಜೀವಮಾನ ಪೂರ್ತಿ 'ಬಿಚ್ಚು, ಮತ್ತೆ ಹಾಕು'. ನಿನ್ನ ಮುಂದೆ ಕೂತು ಹೆಂಗೆ ನಗ್ತಿದ್ದಾಳೆ ನೋಡು, ಲೋಕದಲ್ಲಿ ಬೇರೆ ಯಾರೂ ಇಲ್ಲದ ಹಾಗೆ! ಒಂದೇ ಒಂದು ಸಲ, ಒಂದೇ ಒಂದು ಸಲ ನನ್ನ ನೋಡಿ ಹಂಗೆ ನಕ್ಕಿದ್ರೆ..." ಸೆರಗಿಲ್ಲದ ಊರು, ಪಟ ಸುತ್ತಿದ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ವಿಲ್ಫ್ರಿದೊ ಬಾಯಿ ತೆರೆದು ನಿಂತಿದ್ದ.

"ಇದಕ್ಕಾ?" ಅಂದ. "ಇಷ್ಟು ವರ್ಷ ನೀನು ನನ್ನ ಮೇಲೆ ಉರಿದುರಿದು ಬಿದ್ದದ್ದು ಇದಕ್ಕಾ? ಉಪ್ಪಿಗಲ್ವಾ?"

"ಉಪ್ಪಂತೆ ಉಪ್ಪು!"

"ಅಯ್ಯೋ ಹುಚ್ಚೀ. ಈ ಪಟ ತೆಗೆದದ್ದು ನಾನಲ್ಲ ಕಣೇ. ನನ್ನದಲ್ಲದ್ದಕ್ಕೆ ನಾನು ಹೆಂಗೆ ಒಪ್ಪಿಗೆ ಕೊಡ್ಲಿ? ಇಲ್ಲಿ ನೋಡು."

ಅವನು ಪಟದ ಅಂಚಿಗೆ ಬೆರಳಿಟ್ಟ. ಬಿಳಿ ಪಟ್ಟೆ ಅಂದುಕೊಂಡದ್ದು ಬಿಗಿಯಾಗಿ ಹಿಡಿದ ಹಾಸಿಗೆ ಬಟ್ಟೆಯ ಅಂಚು. ಕಂದು ಕಲೆ ಅಂದುಕೊಂಡದ್ದು ಒಂದು ಕೈ, ಆ ಬಟ್ಟೆಯನ್ನು ಹಿಡಿದ ಕೈ. ಅದರ ಕಿರುಬೆರಳು ಸೊಟ್ಟ. ನಿಮಿಯಾ ಎದುರಿಗಿದ್ದ ವಿಲ್ಫ್ರಿದೊನ ಕೈ ನೋಡಿದಳು. ಹುಡುಗನಾಗಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿ ಸೊಟ್ಟಗಾದ ಕಿರುಬೆರಳು, ಪಟದ ಪಕ್ಕದಲ್ಲೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

"ಮರದ ನೆರಳು ನಿಮ್ಮಮ್ಮನ ಮುಖದ ಮೇಲೆ ಬೀಳ್ತಿತ್ತು" ಅಂದ ವಿಲ್ಫ್ರಿದೊ. "ನಾನು ಪಕ್ಕದಲ್ಲಿ ನಿಂತು, ಬಿಳಿ ಬಟ್ಟೆ ಹಿಡಿದು ಬಿಸಿಲು ತಿರುಗಿಸ್ತಿದ್ದೆ. ಹಿತ್ತಲಲ್ಲಿ ಇದ್ದದ್ದು ನಾವು ಮೂರೇ ಜನ. ಕ್ಯಾಮೆರಾ ಯಾರ ಕೈಲಿತ್ತು, ನೀನೇ ಹೇಳು."

ನಿಮಿಯಾಗೆ ನಿಧಾನವಾಗಿ ನೆನಪಾಯಿತು. ಮದುವೆಯ ಹೊಸತು. ಭಾರದ ಕ್ಯಾಮೆರಾ, ಚರ್ಮದ ಪಟ್ಟಿ ಕುತ್ತಿಗೆಗೆ ಒತ್ತುತ್ತಿತ್ತು. ಒತ್ತು, ಒತ್ತು ಅಂತ ಅವನು ಪಕ್ಕದಿಂದ ಕೂಗಿದ್ದ.

"ಅದು ಹಾಳಾಯ್ತು ಅಂದಿದ್ಯಲ್ಲೋ ನೀನು!"

"ನನ್ನ ಕೈ ಒಳಗೆ ಬಂದ ಹಾಗಿತ್ತು, ಹಾಳಾಯ್ತು ಅಂದೆ. ಆಮೇಲೆ ಫಿಲ್ಮ್ ತೊಳೆದು ನೋಡಿದ್ರೆ, ನಾನು ತೆಗೆದ ಅಷ್ಟರಲ್ಲೂ ಅತ್ತೆ ಪೊಲೀಸ್ ಠಾಣೇಲಿ ಕೂತ ಹಾಗೆ ಕೂತಿದ್ದಾಳೆ. ನೀನು ತೆಗೆದದ್ದು ಇದೊಂದೇ, ಇದೊಂದೇ ಚೆನ್ನಾಗಿದ್ದದ್ದು. ಕೈ ಕಾಣದ ಹಾಗೆ ಕಾಗದ ಇಟ್ಟು ಚೌಕಟ್ಟು ಹಾಕಿ ಅತ್ತೆಗೆ ಕೊಟ್ಟೆ. ಮುದ್ರೆ ಅಂಗಡಿಯಿಂದ ಹೊರಗೆ ಹೋಗೋ ಎಲ್ಲದಕ್ಕೂ ಬೀಳ್ತಿತ್ತು. ನೀನೇ ತೆಗೆದದ್ದು ನಿಂಗೆ ಗೊತ್ತಿರುತ್ತೆ ಅಂತ ಸುಮ್ನಿದ್ದೆ."

"ಮತ್ತೆ ಅಮ್ಮ ನಕ್ಕಿದ್ದು?"

"ನಿನ್ನ ನೋಡಿ, ಇನ್ಯಾರನ್ನ?" ವಿಲ್ಫ್ರಿದೊ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. "ನೀನು ಕ್ಯಾಮೆರಾ ಕಣ್ಣಿಗೆ ಇಟ್ಕೊಂಡು ನಾಲಗೆ ತುದೀನ ಬಾಯಿ ಪಕ್ಕ ಹೊರಗೆ ಹಾಕ್ದೆ. ಚಿಕ್ಕೋಳಿದ್ದಾಗ ಸೂಜಿಗೆ ದಾರ ಪೋಣಿಸೋವಾಗ ಹಂಗೇ ಮಾಡ್ತಿದ್ದೆಯಂತೆ. ಅತ್ತೆ ಅದನ್ನ ನೋಡಿ, 'ನೋಡೋ ಅವಳ್ನ, ನೋಡೋ ನನ್ನ ಹುಡುಗೀನ, ಇನ್ನೂ ನಾಲಗೆ ಒಳಗೆ ಹೋಗಿಲ್ಲ' ಅಂತ ನಕ್ಳು. ಅಷ್ಟರಲ್ಲಿ ನೀನು ಒತ್ತಿಬಿಟ್ಟೆ."

ನಿಮಿಯಾ ಪಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷ ಯಾರೋ ಮೂರನೆಯವರ ಕಡೆ ನೋಡುತ್ತಿದ್ದ ಕಣ್ಣು ನೇರವಾಗಿ ತನ್ನ ಕಡೆಗೇ ಇತ್ತು. ಅವಳು ಅತ್ತಳು, ಜೋರಾಗಿಯೇ ಅತ್ತಳು. ವಿಲ್ಫ್ರಿದೊ ಏನು ಮಾಡಬೇಕು ತೋಚದೆ ತೆರೆರೆಯ ಲೋಟಕ್ಕೆ ಮತ್ತೆ ನೀರು ಬಿಟ್ಟು ಅವಳ ಮುಂದೆ ಹಿಡಿದುಕೊಂಡೇ ಕೂತ. ಕೊನೆಗೆ ಅವಳು ಕುಡಿದಳು.

"ಸಾರಿ ಕಣೋ" ಅಂದಳು. "ಉಪ್ಪು ಯಾವತ್ತೂ ಸರಿಯಾಗೇ ಇತ್ತು."

"ಇಲ್ಲ, ಜಾಸ್ತೀನೇ ಇರ್ತಿತ್ತು" ಅಂದ ಅವನು.

ಗುರುತಿನ ಚೀಟಿಯ ಪಟಗಳಿಗೆ ಅಂತ ಅವನ ಸ್ಟುಡಿಯೋದಲ್ಲೇ ಕಂಪ್ಯೂಟರ್ ಇತ್ತು, ಪ್ರತಿ ತೆಗೆಯುವ ಯಂತ್ರವೂ ಇತ್ತು. ಇಬ್ಬರೂ ಪಟವನ್ನು ಒರೆಸಿ ಅದರಲ್ಲಿಟ್ಟರು. ಅಂಚು ಕತ್ತರಿಸಲೇ ಅಂತ ವಿಲ್ಫ್ರಿದೊ ಕೇಳಿದ. ಬೇಡ, ಒಂದೆಳೆಯನ್ನೂ ಕತ್ತರಿಸಬೇಡ ಅಂದಳು ಕತ್ತರಿ ಟೀಚರ್. ಕೈ, ಬಟ್ಟೆ, ಸೊಟ್ಟ ಬೆರಳು ಎಲ್ಲವೂ ಸೇರಿ ಪೂರ್ತಿ ಪಟ ವಿಶ್ವಕೋಶಕ್ಕೆ ಏರಿತು. ಅವಳು ತಾನೇ ಅಂಟಿಸಿದ ಕೆಂಪು ಪಟ್ಟಿಯನ್ನು ತೆಗೆದು, ಕಾರಣವನ್ನು ಬರೆದಳು. ವಿವರದಲ್ಲಿ ಹೀಗೆ ತುಂಬಿದಳು: ನ್ಯಾಂಡುತಿ ಹೆಣೆಯುತ್ತಿರುವವರು, ಬ್ಲಾಸಿದಾ. ಬಿಳಿ ಬಟ್ಟೆ ಹಿಡಿದು ಬೆಳಕು ಕೊಟ್ಟವರು, ವಿಲ್ಫ್ರಿದೊ ಬರೈರೊ.

"ಬೆಳಕು ಹಿಡಿದವನ ಹೆಸರೂ ಹಾಕ್ತಾರಾ?" ಅಂದ ಅವನು.

"ಹಾಕಬಾರದು ಅಂತ ನಿಯಮ ಇಲ್ಲ. ಯಾರಾದ್ರೂ ಅಳಿಸ್ಲಿ, ಆಮೇಲೆ ನೋಡ್ಕೋತೀನಿ."

ಕೊನೆಗೆ ಯಂತ್ರ ಅದೇ ಹಳೇ ಪ್ರಶ್ನೆ ಕೇಳಿತು: ಇದು ಯಾರ ಕೃತಿ? ನಿಮಿಯಾ ಕನ್ನಡಕ ಸರಿಮಾಡಿಕೊಂಡು, ಪರದೆಗೆ ಮುಖ ಹತ್ತಿರ ತಂದು, ಬಾಣದ ಗುರುತನ್ನು ಜೋಪಾನವಾಗಿ 'ಸ್ವಂತ ಕೃತಿ'ಯ ಚೌಕದ ಮೇಲೆ ತಂದಳು.

"ನಾಲಗೆ ಒಳಗೆ ಹಾಕ್ಕೊಳ್ಳೇ" ಅಂದ ವಿಲ್ಫ್ರಿದೊ ಪಕ್ಕದಿಂದ.

ಅವಳು ಹಾಕಿಕೊಳ್ಳಲಿಲ್ಲ. ಒತ್ತಿದಳು. ಪರದೆಯ ತುಂಬ ಬ್ಲಾಸಿದಾ ಬಂದಳು, ಸೂಜಿ ಎತ್ತಿಕೊಂಡು, ಹಲ್ಲಿನ ಸಂದಿ ಕಾಣುವ ಹಾಗೆ, ಮಗಳನ್ನೇ ನೋಡಿ ನಗುತ್ತಾ.